ಪ್ರತಿವಿಷ ಅಂದರೆ ಹಾವಿನ ಇಂಜೆಕ್ಷನ್ ಅಲ್ಲ

ವಿರಾಜಪೇಟೆಯಲ್ಲಿ ಯಾರೋ ಹಂಚಿದ ಕರಪತ್ರದಲ್ಲಿ ಹೀಗಿತ್ತು: ಬ್ಯಾಕ್ಟೀರಿಯಾದಲ್ಲಿ ವಿಷವೂ ಇದೆ, ಪ್ರತಿವಿಷವೂ ಇದೆ, ಹಾವು ಕಚ್ಚಿದಾಗ ಕೊಡುವುದು ಅದನ್ನೇ. ಈ ವರ್ಷ ಇದೇ ಮಾತು ನನ್ನ ಕಣ್ಣಿಗೆ ಬಿದ್ದದ್ದು ಮೂರನೇ ಸಲ. ಕಾಫಿ ತೋಟದಲ್ಲಿ ನೋಡಿಕೊಂಡೇ ಕಾಲಿಡಬೇಕಾದ ಊರಲ್ಲಿ ಹೀಗೆ ಬರೆಯಬಾರದು.

ಹಾವಿನ ಔಷಧ ಬರುವುದು ಕುದುರೆಯ ರಕ್ತದಿಂದ. ಸ್ವಲ್ಪ ಸ್ವಲ್ಪ ವಿಷ ಚುಚ್ಚಿಸಿಕೊಂಡ ಕುದುರೆ ತಯಾರಿಸುವ ಪ್ರತಿಕಾಯ ಅದು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಧನುರ್ವಾಯುವಿಗೆ ತೋರಿಸಿಕೊಟ್ಟ ಆಂಟಿಟಾಕ್ಸಿನ್ ಕೂಡ ಇದೇ ಜಾತಿಯದು. ಬ್ಯಾಕ್ಟೀರಿಯಾದ ‘ಟಾಕ್ಸಿನ್-ಆಂಟಿಟಾಕ್ಸಿನ್ ವ್ಯವಸ್ಥೆ’ಗೂ, ಅಂದರೆ ವಿಷ-ಪ್ರತಿವಿಷ ಜೋಡಿಗೂ, ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ.

‘ಟಾಕ್ಸಿನ್’ ಎಂಬ ಹೆಸರಿನ ಕತೆಯೇ ಸೊಗಸು. ಗ್ರೀಕಿನಲ್ಲಿ ‘ತೋಕ್ಸೋನ್’ ಎಂದರೆ ಬಿಲ್ಲು. ಬಾಣಕ್ಕೆ ಸವರುವ ಮದ್ದು ‘ತೋಕ್ಸಿಕೋನ್ ಫಾರ್ಮಕೋನ್’, ಅಂದರೆ ಬಿಲ್ಲಿನ ಮದ್ದು. ಕಾಲಕ್ರಮೇಣ ಮದ್ದು ಉದುರಿ ಬಿಲ್ಲೇ ವಿಷವಾಗಿ ಉಳಿಯಿತು. ಉದುರಿದ ಮದ್ದು ಬೇರೆ ದಾರಿಯಲ್ಲಿ ಫಾರ್ಮಸಿ ಸೇರಿತು. ನಮ್ಮ ಧನುರ್ವಾಯುವಿನಲ್ಲೂ ಬಿಲ್ಲಿದೆ, ಆದರೆ ಅಲ್ಲಿ ಬಿಲ್ಲಿನಂತೆ ಬಾಗುವುದು ರೋಗಿಯ ಮೈ. ಟಾಕ್ಸಿನ್ನಿಗೆ ಕನ್ನಡದಲ್ಲಿ ‘ನಂಜು’ ಎನ್ನೋಣವೆಂದರೆ, ಜಿಗಣೆ ಕಚ್ಚಿದ ಗಾಯ ಕೀವಾದರೂ ನಂಜೇ. ಅದೂ ಒಗ್ಗದು.

ಬ್ಯಾಕ್ಟೀರಿಯಾದ ಈ ಜೋಡಿಯಲ್ಲಿ ವಿಷ ಯಾರ ಮೇಲೂ ಬಿಡುವ ಬಾಣವಲ್ಲ. ತಯಾರಿಸಿದ ಕೋಶವನ್ನೇ ಕೊಲ್ಲಬಲ್ಲದ್ದು, ಪ್ರತಿವಿಷ ಅದನ್ನು ಹಿಡಿದಿಟ್ಟಿರುತ್ತದೆ. ಗುಟ್ಟಿರುವುದು ಆಯಸ್ಸಿನಲ್ಲಿ. ವಿಷ ಕೊಡಗಿನ ಹುಳಿ ಕಾಚಂಪುಳಿ ಇದ್ದ ಹಾಗೆ, ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದು. ಪ್ರತಿವಿಷ ಕೊತ್ತಂಬರಿ ಸೊಪ್ಪು, ಹೊಸದು ಬರುತ್ತಲೇ ಇರಬೇಕು. 1983ರಲ್ಲಿ ಒಗುರ ಮತ್ತು ಹಿರಗ ಎಂಬ ವಿಜ್ಞಾನಿಗಳು ಇ. ಕೋಲೈ ಬ್ಯಾಕ್ಟೀರಿಯಾದ, ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ ಇರುವ ಡಿಎನ್‌ಎ ಉಂಗುರವಾದ ಎಫ್ ಪ್ಲಾಸ್ಮಿಡ್‌ನಲ್ಲಿ ಗುರುತಿಸಿದ ಸಿಸಿಡಿ ಎಂಬ ವಿಷ-ಪ್ರತಿವಿಷ ಜೋಡಿ ಇದಕ್ಕೆ ಹಳೆಯ ಉದಾಹರಣೆ. ಕೋಶ ಒಡೆದು ಎರಡಾದಾಗ ಒಂದಕ್ಕೆ ಪ್ಲಾಸ್ಮಿಡ್ ಸಿಗಲಿಲ್ಲ ಎನ್ನಿ. ತಾಯಿಯಿಂದ ಬಂದ ವಿಷವೂ ಪ್ರತಿವಿಷವೂ ಅದರೊಳಗಿವೆ, ಆದರೆ ಹೊಸದು ಮಾಡಿಕೊಳ್ಳಲು ಜೀನ್ ಇಲ್ಲ. ಲಾನ್ ಎಂಬ ಕಿಣ್ವ ಪ್ರತಿವಿಷವನ್ನು ಕತ್ತರಿಸಿ ಹಾಕುತ್ತದೆ. ಉಳಿದ ವಿಷ ಡಿಎನ್‌ಎಯ ಸಿಕ್ಕು ಬಿಡಿಸುವ ಗೈರೇಸ್ ಎಂಬ ಕಿಣ್ವವನ್ನು ಕೆಡಿಸುತ್ತದೆ. ಕೋಶ ಸಾಯುತ್ತದೆ. ಇದರಿಂದ ಲಾಭ ಪ್ಲಾಸ್ಮಿಡ್‌ಗೆ: ಅದನ್ನು ಕಳೆದುಕೊಂಡವರು ಉಳಿಯುವುದಿಲ್ಲ. ವಿಜ್ಞಾನಿಗಳು ಇದನ್ನು ‘ಚಟ’ ಎಂದು ಕರೆದದ್ದು ಸರಿಯಾಗಿಯೇ ಇದೆ.

ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇಂಥ ಜೋಡಿಗಳು ಎಂಬತ್ತಕ್ಕೂ ಹೆಚ್ಚು. ಅಷ್ಟೊಂದು ಯಾಕೆ ಎಂಬುದಕ್ಕೆ ಜಗಳ ಇನ್ನೂ ಮುಗಿದಿಲ್ಲ. ಆಂಟಿಬಯಾಟಿಕ್‌ಗೆ ಬಗ್ಗದೆ ಮಲಗಿರುವ ಕೋಶಗಳಿಗೆಲ್ಲ ಇವೇ ಕಾರಣ ಎಂದು ಕಣ್ಣುಮುಚ್ಚಿ ಬರೆಯುವವರು, ಹಾಗೆ ಹೇಳಿದ್ದ 2011ರ ಒಂದು ಹೆಸರುವಾಸಿ ಪ್ರಬಂಧವನ್ನು 2018ರಲ್ಲಿ ಹಿಂಪಡೆದದ್ದನ್ನು ಓದಿಕೊಂಡರೆ ಒಳ್ಳೆಯದು.

ಪ್ರತಿವಿಷ ಯಾವಾಗಲೂ ವಿಷವನ್ನು ಅಪ್ಪಿ ಹಿಡಿಯುವ ಪ್ರೋಟೀನೇ ಆಗಬೇಕೆಂದೂ ಇಲ್ಲ. ಆರ್1 ಪ್ಲಾಸ್ಮಿಡ್‌ನ ಹಾಕ್-ಸಾಕ್ ಜೋಡಿಯಲ್ಲಿ ಹಾಕ್ ವಿಷ, ಪ್ರತಿವಿಷವಾದ ಸಾಕ್ ಒಂದು ಪುಟ್ಟ ಆರ್‌ಎನ್‌ಎ. ಹಾಕ್‌ನ ತಯಾರಿಕೆಯ ಆರ್‌ಎನ್‌ಎ ಸಂದೇಶಕ್ಕೆ ಅಂಟಿಕೊಂಡು, ವಿಷ ಹುಟ್ಟುವುದನ್ನೇ ತಡೆಯುತ್ತದೆ. ಅದನ್ನು ಸಿರಿಂಜಿಗೆ ತುಂಬಿ ಹಾವಿನ ಮುಂದೆ ನಿಲ್ಲುವ ಧೈರ್ಯ ಕರಪತ್ರದವರಿಗೇ ಇರಲಿ.