ಎಚ್-ಇಂಡೆಕ್ಸ್ ಅಂದರೆ ಏನು? ಒಬ್ಬ ಕೆಮಿಸ್ಟ್‌ನ ಲೆಕ್ಕ ಹಿಡಿದು ನೋಡೋಣ

ವಿಜ್ಞಾನಿಗಳ ಪರಿಚಯದಲ್ಲಿ ಇಂಥ ಸಾಲು ಆಗಾಗ ಕಾಣುತ್ತದೆ: 'ಆರ್ಗನೊಮೆಟಾಲಿಕ್ ಕೆಮಿಸ್ಟ್, 200 ಪೇಪರ್, ಎಚ್-ಇಂಡೆಕ್ಸ್ 45'. 200 ಪೇಪರ್ ಅಂದರೆ ಗೊತ್ತಾಯಿತು. ಈ 45 ಏನು? ಮಾರ್ಕ್ಸ್ ಅಲ್ಲ, ರ‍್ಯಾಂಕೂ ಅಲ್ಲ.

ಅವರ ಪೇಪರ್‌ಗಳಲ್ಲಿ 45ಕ್ಕೆ ತಲಾ ಕಡಿಮೆಯೆಂದರೂ 45 ಸೈಟೇಶನ್ ಬಂದಿವೆ ಅಂತ ಅರ್ಥ. ಸೈಟೇಶನ್ ಅಂದರೆ ಬೇರೊಂದು ಪೇಪರ್ 'ಇದನ್ನು ಇಂಥವರು ಮೊದಲೇ ಮಾಡಿದ್ದಾರೆ' ಎಂದು ಆ ಪೇಪರನ್ನು ಹೆಸರಿಸುವುದು. ಈ ಅಳತೆಯನ್ನು 2005ರಲ್ಲಿ ಕೊಟ್ಟವರು ಹೋರ್ಹೆ ಹಿರ್ಷ್. ಅವರು ಕೆಮಿಸ್ಟ್ ಅಲ್ಲ, ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ.

ಒಂದು ಲೆಕ್ಕ ಹಾಕೋಣ. ಒಬ್ಬ ಕೆಮಿಸ್ಟ್‌ನ ಏಳು ಪೇಪರ್‌ಗಳಿಗೆ ಬಂದ ಸೈಟೇಶನ್ 90, 40, 22, 9, 7, 6, 3 ಎಂದುಕೊಳ್ಳಿ. ಆರನೇ ಪೇಪರ್‌ಗೆ 6 ಇದೆ, ಏಳನೆಯದಕ್ಕೆ 3 ಮಾತ್ರ. ಹಾಗಾಗಿ ಎಚ್-ಇಂಡೆಕ್ಸ್ 6. ಈಗ ಮಜಾ ನೋಡಿ. ಮೊದಲನೇ ಪೇಪರ್ ಜಗತ್ತಿಡೀ ಹೆಸರು ಮಾಡಿ 90 ಇದ್ದದ್ದು 9,000 ಆದರೂ ಎಚ್-ಇಂಡೆಕ್ಸ್ 6ರಲ್ಲೇ ಕೂತಿರುತ್ತದೆ, ಆದರೆ ಕೊನೆಯ ಎರಡು ಪೇಪರ್‌ಗಳಿಗೆ ಒಂದಕ್ಕೆ 1, ಇನ್ನೊಂದಕ್ಕೆ 4, ಹೀಗೆ ಬರೀ ಐದು ಸೈಟೇಶನ್ ಸಿಕ್ಕರೆ ಸಾಕು, 7 ಆಗಿಬಿಡುತ್ತದೆ. ಆ ಐದನ್ನು ತನ್ನದೇ ಮುಂದಿನ ಪೇಪರ್‌ಗಳಲ್ಲಿ ತಾನೇ ಕೊಟ್ಟುಕೊಳ್ಳಬಹುದು ಅಲ್ವಾ? ಕೊಟ್ಟುಕೊಳ್ಳುವವರೂ ಇದ್ದಾರೆ.

ಇದು ಅಳೆಯುವುದು ಒಂದು ದೊಡ್ಡ ಹೊಡೆತವನ್ನಲ್ಲ, ವರ್ಷಗಟ್ಟಲೆ ಬಿಡದೆ ಮಾಡಿದ ಕೆಲಸವನ್ನು. ಹಿರ್ಷ್ ಅವರ ಉದ್ದೇಶವೂ ಹೆಚ್ಚುಕಮ್ಮಿ ಅದೇ. 20 ವರ್ಷ ಸಂಶೋಧನೆ ಮಾಡಿದವರ ಎಚ್-ಇಂಡೆಕ್ಸ್ 20 ಇದ್ದರೆ ಯಶಸ್ವಿ ವಿಜ್ಞಾನಿ, 40 ಇದ್ದರೆ ಅಸಾಧಾರಣ ಅಂತ ಅವರು ಬರೆದಿದ್ದರು. ಅದು ಭೌತವಿಜ್ಞಾನದ ಲೆಕ್ಕ. ಬೇರೆ ವಿಷಯಕ್ಕೆ ಹಾಗೇ ಎತ್ತಿ ಅಂಟಿಸುವಂತಿಲ್ಲ. ಇನ್ನೊಂದು, ವಯಸ್ಸಾದಂತೆ ಇದು ಏರುತ್ತದೆ, ಇಳಿಯುವುದಿಲ್ಲ. ಸೈಟೇಶನ್ ಎಣಿಸುವ ತಾಣಗಳಲ್ಲೂ ಲೆಕ್ಕ ಬೇರೆಬೇರೆ: ಗೂಗಲ್ ಸ್ಕಾಲರ್‌ನಲ್ಲಿ ಒಂದು ಸಂಖ್ಯೆ, ವೆಬ್ ಆಫ್ ಸೈನ್ಸ್‌ನಲ್ಲಿ ಇನ್ನೊಂದು ಇರುತ್ತದೆ. ಸಾಮಾನ್ಯವಾಗಿ ಸ್ಕಾಲರ್‌ನದ್ದೇ ಜಾಸ್ತಿ, ಅದು ಥೀಸಿಸ್‌ನಂಥವುಗಳಲ್ಲಿ ಬಂದ ಸೈಟೇಶನ್ನೂ ಎಣಿಸುತ್ತದೆ.

ಆರ್ಗನೊಮೆಟಾಲಿಕ್ ಕೆಮಿಸ್ಟ್ರಿಯನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಈ ಅಳತೆಯ ಎಲ್ಲಾ ವಕ್ರಗಳೂ ಅಲ್ಲಿ ಚೆನ್ನಾಗಿ ಕಾಣುತ್ತವೆ. ಲೋಹಕ್ಕೂ ಇಂಗಾಲಕ್ಕೂ ನೇರ ಬಂಧ ಇರುವ ಸಂಯುಕ್ತಗಳ ಶಾಸ್ತ್ರ ಅದು. ಹೊಸ ಸಂಯುಕ್ತ ಮಾಡಿದೆ ಅಂದರೆ ಸಾಲದು. ಅದರ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಯಾವ ಪರಮಾಣು ಎಲ್ಲಿ ಕೂತಿದೆ ಅಂತ ಸಾಮಾನ್ಯವಾಗಿ ತೋರಿಸಬೇಕಾಗುತ್ತದೆ. ಹರಳು ನೋಡುವ ಪರಿಣತರು ಎಷ್ಟೋ ಗುಂಪುಗಳಿಗೆ ಈ ಕೆಲಸ ಮಾಡಿಕೊಡುತ್ತಾರೆ, ಅವರ ಹೆಸರೂ ಪೇಪರ್‌ನಲ್ಲಿ ಸೇರುತ್ತದೆ, ಅದು ನ್ಯಾಯವೇ. ಆದರೆ ಎಚ್-ಇಂಡೆಕ್ಸ್‌ಗೆ ಮೊದಲನೇ ಹೆಸರೂ ಒಂದೇ, ಎಂಟನೇ ಹೆಸರೂ ಒಂದೇ.

ಸೈಟೇಶನ್‌ಗಳಲ್ಲೂ ಬಗೆಗಳಿವೆ. ಪಲ್ಲೇಡಿಯಂನ ಒಂದು ಸಂಯುಕ್ತ ತಯಾರಿಸುವ ಸುಲಭ ವಿಧಾನವನ್ನು ಯಾರೋ ಬರೆದಿರುತ್ತಾರೆ. ಆಮೇಲೆ ಅದನ್ನು ಮಾಡುವವರು ಪ್ರಯೋಗದ ಭಾಗದಲ್ಲಿ 'ಹಿಂದೆ ವರದಿಯಾದಂತೆ ತಯಾರಿಸಲಾಯಿತು' ಅಂತ ಒಂದು ಸೈಟೇಶನ್ ಹಾಕಿ ಮುಂದೆ ಹೋಗುತ್ತಾರೆ. ಸುಮ್ನೆ ಅಡುಗೆ ವಿಧಾನಕ್ಕೆ ಕೊಟ್ಟ ಸೈಟೇಶನ್ ಅದು. ನನ್ನ ಪ್ರಕಾರ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದೂ ಅದೇ, ಯಾಕಂದರೆ ಆ ವಿಧಾನವನ್ನು ಬೇರೆಯವರು ನಿಜಕ್ಕೂ ಬಳಸಿದ್ದಾರೆ. ಪೀಠಿಕೆಯಲ್ಲಿ 'ಈಚೆಗೆ ಈ ಕ್ಷೇತ್ರ ಗಮನ ಸೆಳೆದಿದೆ' ಅಂತ ಹದಿನೈದು ಪೇಪರ್‌ಗಳನ್ನು ಒಟ್ಟಿಗೆ ತುರುಕುವುದೂ ಇದೆ. ಅಲ್ಲಿ ಎಷ್ಟನ್ನು ಓದಿದ್ದಾರೋ, ದೇವರೇ ಬಲ್ಲ.

ರಿವ್ಯೂ ಲೇಖನದ್ದು, ಅಂದರೆ ಒಂದು ವಿಷಯದಲ್ಲಿ ಅದುವರೆಗೆ ಆದ ಕೆಲಸವನ್ನೆಲ್ಲಾ ಒಟ್ಟುಗೂಡಿಸಿ ಬರೆದ ಲೇಖನದ್ದು, ಬೇರೆಯೇ ಕಥೆ. ಪಲ್ಲೇಡಿಯಂ ನೆರವಿನಿಂದ ಇಂಗಾಲಕ್ಕೆ ಇಂಗಾಲ ಜೋಡಿಸುವ ಸುಜುಕಿ ಕಪ್ಲಿಂಗ್ ಕ್ರಿಯೆಯನ್ನು ಮಿಯೌರಾ ಮತ್ತು ಸುಜುಕಿ 1979ರಲ್ಲಿ ವರದಿ ಮಾಡಿದರು, ಸುಜುಕಿ 2010ರಲ್ಲಿ ನೊಬೆಲ್ ಹಂಚಿಕೊಂಡರು. ಆದರೆ ಅದರ ಬಗ್ಗೆ ಇಬ್ಬರೂ 1995ರಲ್ಲಿ ಬರೆದ ರಿವ್ಯೂಗೆ ಮೂಲ ಪೇಪರ್‌ಗಿಂತ ಎಷ್ಟೋ ಜಾಸ್ತಿ ಸೈಟೇಶನ್ ಬಂದಿವೆ. ಎಲ್ಲಾ ಒಂದೇ ಕಡೆ ಸಿಕ್ಕರೆ ಜನ ಅದನ್ನೇ ಹೆಸರಿಸುತ್ತಾರೆ.

ಇನ್ನು ಕೆಲಸ ತೀರಾ ದೊಡ್ಡದಾದರೆ ಸೈಟೇಶನ್ ನಿಂತೇ ಹೋಗುತ್ತದೆ! ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದಕ್ಕೊಂದು ಹೆಸರನ್ನೇ ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ, ಎಲ್ಲರ ತಿಳಿವಳಿಕೆಯಲ್ಲಿ ಕರಗಿ ಮೂಲವೇ ಅಳಿಸಿಹೋಗುವುದು. ವಿಕ್ಟರ್ ಗ್ರಿನ್ಯಾರ್ 1900ರಲ್ಲಿ ಮೆಗ್ನೀಸಿಯಂ ಬಳಸಿ ಒಂದು ಕ್ರಿಯೆ ತೋರಿಸಿದರು, 1912ರಲ್ಲಿ ನೊಬೆಲ್ ಬಂತು. ಇವತ್ತಿಗೂ ಲ್ಯಾಬ್‌ಗಳಲ್ಲಿ ಅದನ್ನು ಮಾಡುತ್ತಲೇ ಇದ್ದಾರೆ. ಪೇಪರ್‌ನಲ್ಲಿ 'ಗ್ರಿನ್ಯಾರ್ ರಿಯೇಜೆಂಟ್ ಸೇರಿಸಲಾಯಿತು' ಅಂತ ಬರೆಯುತ್ತಾರೆ, ಅದರ ಪಕ್ಕದಲ್ಲಿ 1900ರ ಆ ಪೇಪರ್‌ನ ಸೈಟೇಶನ್ ಸಾಮಾನ್ಯವಾಗಿ ಇರುವುದಿಲ್ಲ.