ಎಂಬತ್ತು ಪರ್ಸೆಂಟ್ ವಿಮಾನ, ನೂರು ಪರ್ಸೆಂಟ್ ಮನುಷ್ಯ

"ಸರ್, 130 ಹಾರ್ಸ್‌ಪವರ್‌ಗೆ ಎಂಬತ್ತು ಪರ್ಸೆಂಟ್ ಅಂದ್ರೆ 104 ತಾನೇ? 115ರ ಎಂಜಿನ್ ಹಾಕಿದ್ರೆ ಇನ್ನೂ ಸ್ವಲ್ಪ ಜಾಸ್ತೀನೇ ಆಯ್ತು. ಸೇಫು."

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಕನ್ನಡದಲ್ಲಿ ಕೇಳಿದೆ, ಅಷ್ಟೇ ಹೊಸದು. ಫೋನ್ ಮಾಡಿದವರು ದಾವಣಗೆರೆ ಕಡೆಯವರು, ಇಲ್ಲಿ ಇಲಿನಾಯ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ಕಾರಿನ ಗ್ಯಾರೇಜಿನಲ್ಲಿ, 130 ಹಾರ್ಸ್‌ಪವರ್ ಎಂಜಿನ್ನಿನ ಒಂದು ಹಳೆಯ ಜೋಡಿರೆಕ್ಕೆಯ ವಿಮಾನವನ್ನು ಎಂಬತ್ತು ಪರ್ಸೆಂಟ್ ಅಳತೆಯಲ್ಲಿ ಕಟ್ಟುತ್ತಿದ್ದಾರೆ, ಕಾರುಗಳು ಮೂರು ವರ್ಷದಿಂದ ಬೀದಿಯಲ್ಲಿ ಮಲಗುತ್ತಿವೆ. ಎಂಜಿನ್ ಆಗಲೇ ಕೊಂಡಾಗಿತ್ತು. ನನ್ನನ್ನು ಕೇಳಿದ್ದು ಸಲಹೆಗಲ್ಲ, ಆಶೀರ್ವಾದಕ್ಕೆ.

ನನ್ನ ಹೊಟ್ಟೆಪಾಡು ವಿಮಾನ ರಿಪೇರಿ. ವಾರಾಂತ್ಯದಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರ ಗ್ಯಾರೇಜುಗಳಿಗೆ ಹೋಗಿ, ಅಂಟು ಸರಿಯಾಗಿ ಹಿಡಿದಿದೆಯಾ, ಬೋಲ್ಟು ಸರಿಯಾದದ್ದಾ ಎಂದು ನೋಡಿ ಬರುವುದು ಚಟ. ದುಡ್ಡು ತಗೊಳ್ಳುವುದಿಲ್ಲ, ಊಟ ಬಿಡುವುದಿಲ್ಲ. ಮನೆಗಟ್ಟಿನ ವಿಮಾನ ಎಂದರೇನು, ಪರವಾನಗಿ ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಅದು ಹುಡುಕಿದರೆ ಸಿಗುತ್ತದೆ. ಹುಡುಕಿದರೂ ಜನರ ತಲೆಗೆ ಇಳಿಯದ ಒಂದೇ ಒಂದು ವಿಷಯ ಇದೆ, ಅದು ಆ "ಎಂಬತ್ತು ಪರ್ಸೆಂಟ್".

ಮೊದಲು ಆ ವಿಮಾನದ ಬಗ್ಗೆ. ಫಿಶರ್ ಕಂಪನಿಯ ಆರ್-80 ಎಂಬ ಕಿಟ್ ಅದು, ಎಂದರೆ ಬಿಡಿಭಾಗ ತರಿಸಿ ನಾವೇ ಜೋಡಿಸಿ ಕಟ್ಟುವಂಥದ್ದು. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಟೈಗರ್ ಮಾಥ್‌ನ ಶೇ. 80ರ ಅಳತೆಯ ರೂಪ. ಅಸಲಿ ಟೈಗರ್ ಮಾಥ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು, ಆಮೇಲೆ ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪೈಲಟ್ಟುಗಳಲ್ಲಿ ಎಷ್ಟೋ ಜನ ಅದರಲ್ಲೇ ಅ ಆ ಇ ಈ ಕಲಿತರು. ನಮ್ಮ ವಾಯುಪಡೆಯವರೂ, ಫ್ಲೈಯಿಂಗ್ ಕ್ಲಬ್ಬಿನವರೂ ಕಲಿತದ್ದು ಅದರಲ್ಲೇ. ಅದನ್ನು ಬದಲಿಸಲೆಂದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ ಮಾಡಿತು. ಅದು ಹಾರಿದ್ದು 1951ರ ಆಗಸ್ಟ್ 5ರಂದು. ನಮ್ಮಪ್ಪ ಅಲ್ಲೇ ಫಿಟ್ಟರ್ ಆಗಿದ್ದರು. ಎಚ್‌ಟಿ-2 ಹೆಸರು ಬಂದರೆ ಅವರಿಗೆ ಹೆಮ್ಮೆ. ಟೈಗರ್ ಮಾಥ್ ಹೆಸರು ಬಂದರೆ ಮಾತ್ರ ದನಿ ಮೆತ್ತಗಾಗುತ್ತಿತ್ತು. "ಅದು ವಿಮಾನ ಅಲ್ಲ ಕಣೋ, ಹೆಂಗಸರು ಹೊಲಿದ ಬಟ್ಟೆ" ಅನ್ನುತ್ತಿದ್ದರು. ಅದು ಬೈಗುಳವಲ್ಲ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಆರ್-80ಯನ್ನು ನಾನು ಮೆಚ್ಚುವುದು ಅದು ಅಸಲಿಯ ಮುಖವನ್ನು ಸರಿಯಾಗಿ ಹಿಡಿದದ್ದಕ್ಕೆ. ಟೈಗರ್ ಮಾಥ್‌ನ ಮುಖ ಎಲ್ಲಿದೆ? ರೆಕ್ಕೆ ಹಿಂದಕ್ಕೆ ವಾಲಿರುವುದರಲ್ಲಿ. ಅದು ಅಂದಕ್ಕೆ ಮಾಡಿದ್ದಲ್ಲ. ಅದಕ್ಕೂ ಹಿಂದಿನ ಮಾಥ್ ವಿಮಾನಗಳಲ್ಲಿ ಮೇಲಿನ ರೆಕ್ಕೆಯ ನಡುಭಾಗ, ಅದರಲ್ಲಿ ಪೆಟ್ರೋಲ್ ಟ್ಯಾಂಕು, ಸರಿಯಾಗಿ ಮುಂದಿನ ಕಾಕ್‌ಪಿಟ್ಟಿನ ತಲೆಯ ಮೇಲೆ ಇತ್ತು. ಪ್ಯಾರಾಚೂಟ್ ಕಟ್ಟಿಕೊಂಡ ಶಿಕ್ಷಕ ಅವಸರದಲ್ಲಿ ಹೊರಗೆ ಹಾರಬೇಕೆಂದರೆ ಅದಕ್ಕೇ ತಲೆ ಹೊಡೆದುಕೊಳ್ಳಬೇಕು. ವಾಯುಪಡೆಯವರು ಇದಕ್ಕೆ ಒಪ್ಪಲಿಲ್ಲ. ನಡುಭಾಗವನ್ನು ಮುಂದಕ್ಕೆ ಸರಿಸಿದರು. ರೆಕ್ಕೆ ಮುಂದೆ ಹೋದರೆ ಅದು ಎತ್ತುವ ಜಾಗವೂ ಮುಂದೆ ಹೋಗಿ ತೂಕ ತಪ್ಪುತ್ತದಲ್ಲ, ಅದನ್ನು ಸರಿದೂಗಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ವಾಲಿಸಿದರು. ಒಬ್ಬ ಮನುಷ್ಯ ಹೊರಗೆ ಹಾರಲು ಜಾಗ ಬೇಕಿತ್ತು ಎಂಬ ಕಾರಣಕ್ಕೆ ಆ ವಿಮಾನಕ್ಕೆ ಆ ಚೆಂದ ಬಂತು. ಕಿಟ್ ಮಾಡಿದವರು ಆ ವಾಲನ್ನು ಉಳಿಸಿಕೊಂಡಿದ್ದಾರೆ. ನೇರ ರೆಕ್ಕೆ ಹಾಕಿದ್ದರೆ ಕಟ್ಟುವವರಿಗೆ ಸುಲಭವಾಗುತ್ತಿತ್ತು, ಆದರೆ ಅದು ಇನ್ಯಾವುದೋ ವಿಮಾನ ಆಗುತ್ತಿತ್ತು.

"ಇಷ್ಟೆಲ್ಲ ಯಾಕೆ, ಅಸಲಿಯನ್ನೇ ಕೊಂಡರಾಯಿತಲ್ಲ" ಎನ್ನುವವರೂ ಇದ್ದಾರೆ. ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ 2013ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಒಂದು ಟೈಗರ್ ಮಾಥ್‌ನ ಎಡರೆಕ್ಕೆ ಆಕಾಶದಲ್ಲೇ ಕಳಚಿ ಇಬ್ಬರು ಸತ್ತರು. ಕೆಳರೆಕ್ಕೆಗಳನ್ನು ಒಡಲಿನ ಅಡ್ಡಕ್ಕೆ ಬಿಗಿಯುವ ಉಕ್ಕಿನ ಸರಳುಗಳು ಎಳೆತಕ್ಕೆ ಬಳಲಿ, ಬಿರುಕು ಬಿಟ್ಟು ತುಂಡಾಗಿದ್ದವು. ಆ ಸರಳುಗಳು ಬಟ್ಟೆಯೊಳಗೆ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ನೀವೇ ಕಟ್ಟಿದ ವಿಮಾನದಲ್ಲಿ ಒಳಗೆ ಏನಿದೆ ಎಂದು ನಿಮಗಾದರೂ ಗೊತ್ತಿರುತ್ತದೆ. ನಾನು ಹೇಳುವುದು ಅಷ್ಟೇ. ಕಿಟ್ ಎಂದ ಮಾತ್ರಕ್ಕೆ ಅಪಾಯ ಕಡಿಮೆ ಎಂದು ನಾನು ಹೇಳಿದೆ ಅಂತ ಯಾರೂ ಬರೆದುಕೊಳ್ಳಬೇಡಿ.

ಈಗ ಆ ಎಂಬತ್ತಕ್ಕೆ ಬರೋಣ. ನಿಧಾನವಾಗಿ ಹೇಳುತ್ತೇನೆ.

ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರದ ಒಂದು ಬೆಲ್ಲದ ಅಚ್ಚು ತಗೊಳ್ಳಿ. ಪಕ್ಕದಲ್ಲಿ ಎಂಟು, ಎಂಟು, ಎಂಟರದು ಇನ್ನೊಂದು. ಎರಡನೆಯದು ಮೊದಲನೆಯದರ ಎಂಬತ್ತು ಪರ್ಸೆಂಟ್. ಸರಿಯಾ? ನೋಡಲು ಸ್ವಲ್ಪ ಚಿಕ್ಕದು ಅಷ್ಟೇ. ಈಗ ಎರಡನ್ನೂ ಕಾಗದದಲ್ಲಿ ಸುತ್ತಿ. ಮೊದಲನೆಯದಕ್ಕೆ 600 ಚದರ ಸೆಂಟಿಮೀಟರ್ ಬೇಕು, ಎರಡನೆಯದಕ್ಕೆ 384 ಸಾಕು. ಅಂದರೆ ಶೇ. 64. ಈಗ ಬೆಲ್ಲ ಎಷ್ಟಿದೆ ನೋಡಿ. ಅಲ್ಲಿ ಸಾವಿರ ಘನ ಸೆಂಟಿಮೀಟರ್, ಇಲ್ಲಿ 512. ಹೆಚ್ಚುಕಡಿಮೆ ಅರ್ಧ! ಅಂಗಡಿಯವನು ಚಿಕ್ಕ ಅಚ್ಚಿಗೆ ದೊಡ್ಡದರ ಎಂಬತ್ತು ಪರ್ಸೆಂಟ್ ದುಡ್ಡು ಕೇಳಿದರೆ ನೀವು ಸುಮ್ಮನಿರುತ್ತೀರಾ? ವಿಮಾನದ ವಿಷಯದಲ್ಲಿ ಮಾತ್ರ ಯಾಕೆ ಸುಮ್ಮನೆ ಕೊಟ್ಟು ಬರುತ್ತೀರಿ?

ಸುತ್ತುವ ಕಾಗದದ ಜಾಗದಲ್ಲಿ ರೆಕ್ಕೆಯನ್ನು ಇಟ್ಟುಕೊಳ್ಳಿ, ಬೆಲ್ಲದ ಜಾಗದಲ್ಲಿ ತೂಕವನ್ನು. ಟೈಗರ್ ಮಾಥ್‌ನ ರೆಕ್ಕೆಯ ಹರವು ಸುಮಾರು 22.2 ಚದರ ಮೀಟರ್. ಅದರ ಶೇ. 64 ಎಂದರೆ 14.2. ಖಾಲಿ ತೂಕ 506 ಕೆಜಿ. ಅದರ ಶೇ. 51 ಎಂದರೆ 259. ಎಂಜಿನ್ ಶಕ್ತಿಯನ್ನೂ ತೂಕದ ಲೆಕ್ಕದಲ್ಲೇ ಇಳಿಸಬೇಕು. 130ರ ಶೇ. 51 ಎಂದರೆ 67 ಹಾರ್ಸ್‌ಪವರ್. 104 ಅಲ್ಲ. ಅಸಲಿ ಎಷ್ಟು ಉಸಿರು ಬಿಟ್ಟು ಮೇಲೇರುತ್ತಿತ್ತೋ ಅಷ್ಟೇ ಗತ್ತಿನಲ್ಲಿ ಇದೂ ಏರಲು 67 ಸಾಕು, 80 ಇದ್ದರೆ ಹಬ್ಬ. ಇದು ಕಾಗದದ ಮೇಲಿನ ಲೆಕ್ಕ ಎಂದು ಈಗಲೇ ಹೇಳಿಬಿಡುತ್ತೇನೆ. ಬೋಲ್ಟು, ಬಟ್ಟೆ, ರೇಡಿಯೋ ಯಾವುದೂ ನಿಮ್ಮ ಪರ್ಸೆಂಟೇಜಿಗೆ ಹೆದರಿ ಚಿಕ್ಕದಾಗುವುದಿಲ್ಲ. ನಿಮ್ಮ ಕಿಟ್ಟಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು, ನನ್ನ ಬೆಲ್ಲ ಅಲ್ಲ.

(ಅಂದಹಾಗೆ, ಅಮೆರಿಕದ ನಿಯಮದಲ್ಲಿ ಇನ್ನೊಂದು 51 ಇದೆ. ಮನೆಗಟ್ಟಿನ ವಿಮಾನವೆಂದು ಒಪ್ಪಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಟ್ಟುವವರೇ, ಕಲಿಕೆಗೋ ಖುಷಿಗೋ ಮಾಡಿರಬೇಕು. ಒಬ್ಬರು ಈ ಎರಡೂ 51 ಒಂದೇ ಎಂದುಕೊಂಡು ನನ್ನ ಜೊತೆ ಒಂದು ಗಂಟೆ ವಾದ ಮಾಡಿದ್ದರು. ಬೇರೆ ಬೇರೆ ಸ್ವಾಮಿ.)

ಎಲ್ಲವೂ ಚಿಕ್ಕದಾಯಿತು. ಚಿಕ್ಕದಾಗದೆ ಉಳಿದವರು ಯಾರು? ನೀವು. ಎಂಬತ್ತು ಕೆಜಿಯ ಪೈಲಟ್ ಅಸಲಿ ಟೈಗರ್ ಮಾಥ್‌ನಲ್ಲಿ ಕೂತರೆ ಅವನೂ ಖಾಲಿ ವಿಮಾನವೂ ಸೇರಿದ ಒಟ್ಟು ತೂಕದಲ್ಲಿ ಅವನ ಪಾಲು ನೂರಕ್ಕೆ ಹದಿನಾಲ್ಕು. ಅದೇ ಮನುಷ್ಯ ಇದರಲ್ಲಿ ಕೂತರೆ ನೂರಕ್ಕೆ ಇಪ್ಪತ್ತನಾಲ್ಕು. ಅಸಲಿಯಲ್ಲಿ ಒಬ್ಬನೇ ಹಾರಿದರೆ ಹಿಂದಿನ ಸೀಟಿನಲ್ಲೇ ಕೂರಬೇಕು. ಹೀಗೆ ಹಿಂದೆ ಕೂತವನ ತೂಕ ಇಡೀ ವಿಮಾನದ ಕಾಲು ಭಾಗ ಆದಾಗ ಏನಾಗುತ್ತದೆ ಎನ್ನುವುದನ್ನು ಎತ್ತಿನಗಾಡಿ ಹೊಡೆದವರಿಗೆ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು, ನೊಗಕ್ಕೆ ಕಟ್ಟಿದ ಹಗ್ಗ ಎತ್ತಿನ ಕೊರಳು ಹಿಸುಕುತ್ತದೆ. ಹೇರು ಮುಂದಕ್ಕೆ ಬಿದ್ದರೆ ನೊಗ ಹೆಗಲು ಮುರಿಯುತ್ತದೆ. ಜಾಣ ಗಾಡಿಯವನು ಚೀಲ ಒಂದು ಗೇಣು ಹಿಂದೆ ಮುಂದೆ ಮಾಡಿ, ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಾನೆ. ಆ ಒಂದು ಕೈ ನೋಟಕ್ಕೆ ನಾವು ವೇಟ್ ಅಂಡ್ ಬ್ಯಾಲೆನ್ಸ್ ಎಂದು ಹೆಸರಿಟ್ಟು ಫಾರಂ ತುಂಬುತ್ತೇವೆ.

ದಾವಣಗೆರೆಯವರ ಗ್ಯಾರೇಜಿನಲ್ಲಿ ತೂಕದ ದಿನ. ಗಾಳಿ ಆಡಬಾರದೆಂದು ಬಾಗಿಲು ಇಳಿಸಿದೆವು. ಎರಡು ದೊಡ್ಡ ಚಕ್ರಗಳ ಕೆಳಗೆ ಎರಡು ತಕ್ಕಡಿ. ಬಾಲವನ್ನು ಮರದ ಸ್ಟ್ಯಾಂಡಿನ ಮೇಲೆ ಎತ್ತಿ ಅದರ ಕೆಳಗೆ ಮೂರನೆಯದು. ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ಮಧ್ಯಕ್ಕೆ ಬರುವವರೆಗೆ ತೆಳು ಪ್ಲೈವುಡ್ಡಿನ ಚೂರು ತುರುಕುತ್ತ ಕೂತೆವು. ವಿಮಾನ ಮಾತ್ರ ನೋಡಬೇಕಿತ್ತು. ಹಳದಿ ಬಣ್ಣದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಎಷ್ಟು ಕೋಟು ಎಂದು ಕೇಳಿದೆ. "ಒಂಬತ್ತು ಸರ್" ಎಂದರು, ಮಗಳ ಮಾರ್ಕ್ಸು ಹೇಳುವ ದನಿಯಲ್ಲಿ. ಸೀಟಿಗೆ ಎರಡು ಪದರ ತೊಗಲು. ಬಾಲದ ಹತ್ತಿರ ಒಂದು ಮುಚ್ಚಳ ಇತ್ತು, ತೆಗೆದು ನೋಡಿದೆ. ಒಳಗೆ ಹನ್ನೊಂದು ಕೆಜಿ ಸೀಸ.

ಸೀಸ ಯಾಕೆ? 115ರ ಎಂಜಿನ್ ತೂಗುವುದು 110 ಕೆಜಿಗೂ ಮೇಲೆ. ಮೂತಿ ಭಾರವಾಯಿತು. ಮೂತಿ ಭಾರವಾದ್ದರಿಂದ ಬಾಲಕ್ಕೆ ಸೀಸ. ಇಲ್ಲಿ ಒಂದು ವಿಷಯ ನೋಡಿ, ಬಾಲ ದೂರ ಇರುವುದರಿಂದ ಅಲ್ಲಿ ಒಂದು ಕೆಜಿ ಎಂದರೆ ಮೂತಿಯಲ್ಲಿ ಎರಡು ಮೂರು ಕೆಜಿಗೆ ಸಮ. ಹಾಗಾಗಿ ಸೀಸ ಹಾಕುವವರಿಗೆ ತಾವು ಏನೋ ಅಗ್ಗದಲ್ಲಿ ಗೆದ್ದೆವು ಅನ್ನಿಸುತ್ತದೆ. ತೂಕ ಸಮವಾಯಿತು, ನಿಜ. ಗಾಡಿಯ ಮುಂದೆ ಒಂದು ಕಲ್ಲು ಹೇರಿ, ಅದಕ್ಕೆ ಸಮ ಮಾಡಲು ಹಿಂದೆ ಇನ್ನೊಂದು ಕಲ್ಲು ಹೇರಿದ ಹಾಗೆ. ನೊಗ ಹಗುರವಾಗಿದೆ ಎಂದು ಎತ್ತಿಗೆ ಹೇಳಿ ನೋಡಿ.

ಮೂರು ತಕ್ಕಡಿ ಕೂಡಿಸಿದಾಗ 341 ಕೆಜಿ. ಯಾರೂ ಮಾತಾಡಲಿಲ್ಲ. ಅವರ ಹೆಂಡತಿ ಮೆಣಸಿನಕಾಯಿ ಮಂಡಕ್ಕಿ ತಂದಿಟ್ಟಿದ್ದರು, ಅದೂ ಹಾಗೇ ಇತ್ತು. ನಾನು ಹಲಗೆಯ ಮೇಲೆ ಬರೆದೆ. ವಿಮಾನ 341. ನೀವು? "92." ಮೇಡಂ? "61." ಪೆಟ್ರೋಲು 40. ಒಟ್ಟು 534. ಇದನ್ನು 14.2ರಿಂದ ಭಾಗಿಸಿದರೆ ರೆಕ್ಕೆಯ ಪ್ರತಿ ಚದರ ಮೀಟರು ಹೊರಬೇಕಾದದ್ದು ಸುಮಾರು 37.6 ಕೆಜಿ. ಪೂರ್ತಿ ಹೇರಿದ ಅಸಲಿ ಟೈಗರ್ ಮಾಥ್, 828 ಕೆಜಿಯದು, 37.3. ಅಂದರೆ ದುಡ್ಡು, ಮೂರು ವರ್ಷ, ಒಂಬತ್ತು ಕೋಟು ಎಲ್ಲ ಸುರಿದು, ಹಗುರವಾಗಿ ತೇಲಬೇಕಿದ್ದ ವಿಮಾನವನ್ನು ಅದರ ಅಜ್ಜನಷ್ಟೇ ಭಾರ ಮಾಡಿದ್ದರು. ರೆಕ್ಕೆಯೊಳಗಿನ ಮರದ ತೊಲೆಗೆ ಲೆಕ್ಕ ಹಾಕಿದ್ದು ಆ ಭಾರಕ್ಕಲ್ಲ. ಕೈಪಿಡಿಯ ಗರಿಷ್ಠ ತೂಕ ತೆಗೆದು ತೋರಿಸಿದೆ. "ಹಾಗಾದ್ರೆ ಇವಳನ್ನು ಕೂರಿಸೋ ಹಾಗಿಲ್ವಾ?" ಎಂದರು. ಮೇಡಂ ಮುಖದಲ್ಲಿ ಸಣ್ಣ ನೆಮ್ಮದಿ ಕಂಡ ಹಾಗಾಯಿತು, ನನ್ನ ಭ್ರಮೆಯೂ ಇರಬಹುದು.

ಬೈದೆ. ಬೈದದ್ದಕ್ಕೆ ಆಮೇಲೆ ಬೇಜಾರೂ ಆಯಿತು. ಇಂಥವರು ದಡ್ಡರಲ್ಲ. ಪ್ರತಿ ಪಕ್ಕೆಲುಬಿನ ಅಂಟಿಗೂ ಒಂದೊಂದು ಮಾದರಿ ತುಂಡು ಅಂಟಿಸಿ, ಅದನ್ನು ಸುತ್ತಿಗೆಯಲ್ಲಿ ಒಡೆದು, ಮರ ಸೀಳಿದೆಯೋ ಅಂಟು ಬಿಟ್ಟಿದೆಯೋ ನೋಡಿ, ತಾರೀಖು ಬರೆದು ಡಬ್ಬಿಯಲ್ಲಿ ಇಟ್ಟಿದ್ದಾರೆ. ಅಷ್ಟು ಶ್ರದ್ಧೆ ನಾನು ಸಂಬಳ ತಗೊಳ್ಳುವ ಕಡೆಯೂ ಕಂಡಿಲ್ಲ. ಪ್ರೀತಿ ಹೆಚ್ಚಾದಾಗ ತೂಕ ಹೆಚ್ಚಾಗುತ್ತದೆ, ಮೊಮ್ಮಗನಿಗೆ ತುಪ್ಪ ಬಡಿಸಿದ ಹಾಗೆ.

ಆ ಬೇಸಿಗೆಯಲ್ಲಿ ಅವರ ಸೋದರಮಾವ ಬೆಂಗಳೂರಿನಿಂದ ಬಂದಿದ್ದರು. ಹರೆಯದಲ್ಲಿ ಜಕ್ಕೂರಿನಲ್ಲಿ ಟೈಗರ್ ಮಾಥ್ ಮೇಲೆ ಹಾರಾಟ ಕಲಿತವರು, ಈಗ ಎಂಬತ್ತರ ಮೇಲೆ. ಮುಂದಿನ ಸೀಟಿಗೆ ಹತ್ತಿಸಲು ಹೋದರೆ ಗದರಿದರು. "ಕಲಿಯೋನು ಹಿಂದೆ ಕೂರ್ಬೇಕು!" ಇಬ್ಬರು ಹಿಡಿದು ಹಿಂದೆ ಇಳಿಸಿದೆವು. ತೊಟ್ಟಿಲಲ್ಲಿ ಕೂತ ದೊಡ್ಡವರ ಹಾಗೆ ಎದೆಯವರೆಗೂ ಹೊರಗೆ ಕಾಣುತ್ತಿದ್ದರು. ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ ಮೇಲೆ ಎಡಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಎಂಜಿನ್ನಿಗೆ ಪೆಟ್ರೋಲೇ ಇಲ್ಲ. ನಾನು ಬಗ್ಗಿ ಕಾಲು ನೋಡಿದೆ. ಎಡಗಾಲು, ಮೂತಿಯನ್ನು ಎಡ ಬಲ ತಿರುಗಿಸುವ ರಡರ್ ಪೆಡಲನ್ನು ಒತ್ತುತ್ತಿತ್ತು.

ಅಸಲಿಯ ಜಿಪ್ಸಿ ಮೇಜರ್ ಎಂಜಿನ್ನಿನ ಪ್ರೊಪೆಲ್ಲರ್, ಪೈಲಟ್ ಕೂತಲ್ಲಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಓಡುವಾಗ ವಿಮಾನ ಬಲಕ್ಕೆ ಎಳೆಯುತ್ತದೆ, ಎಡಗಾಲು ಒತ್ತಿ ತಡೆಯಬೇಕು. ಇಲ್ಲಿಯ ಎಂಜಿನ್ನುಗಳು ಉಲ್ಟಾ. ಎಡಕ್ಕೆ ಎಳೆಯುತ್ತವೆ, ಬಲಗಾಲು ಬೇಕು. "ಮಾವ, ಇದು ಆ ಕಡೆ ಎಳೆಯುತ್ತೆ" ಎಂದು ಅಳಿಯ ಹೇಳಿದರು. ಮುದುಕರು ಕಾಲು ತೆಗೆಯಲಿಲ್ಲ. "ನಿಂದು ಎಳೆಯುತ್ತೆ. ನಂದು ಈ ಕಡೆ" ಎಂದರು.

ಚಳಿಗಾಲದ ಹೊತ್ತಿಗೆ ಎಂಜಿನ್ ಮಾರಾಟವಾಯಿತು. ಅದರ ಜಾಗಕ್ಕೆ 80 ಹಾರ್ಸ್‌ಪವರಿನ ರೋಟಾಕ್ಸ್ 912 ಬಂತು. ಅದು ಸುಮಾರು 60 ಕೆಜಿ. ಹಗುರ ಎಂಜಿನ್ ತಕ್ಕಮಟ್ಟಿಗೆ ಮುಂದಕ್ಕೆ ಕೂರಬೇಕು, ಆ ಲೆಕ್ಕ ಮೊದಲು ಮಾಡಿಯೇ ಎಂಜಿನ್ ಕೂರುವ ಚೌಕಟ್ಟಿಗೆ ಬೆಸುಗೆ ಹಾಕಿಸಿದರು. ಸೀಸ ಹೊರಗೆ ಬಂತು, ಈಗ ಗ್ಯಾರೇಜಿನ ಒಳಬಾಗಿಲು ಹೊಡೆದುಕೊಳ್ಳದಂತೆ ಅದನ್ನೇ ಒತ್ತು ಕೊಟ್ಟಿದ್ದಾರೆ. ಬಣ್ಣ ಉಜ್ಜಿಸಲು ನನಗೇ ಮನಸ್ಸು ಬರಲಿಲ್ಲ. ಮತ್ತೆ ತೂಗಿದೆವು. 281. ಕುಣಿಯುವುದೊಂದು ಬಾಕಿ. ಮುಂದಿನ ನಲವತ್ತು ಗಂಟೆ ಪರೀಕ್ಷಾ ಹಾರಾಟದಲ್ಲಿ ಒಬ್ಬರೇ ಹಾರಬೇಕು, ಹೆಂಡತಿಯ ವಿಷಯ ಆಮೇಲೆ ನೋಡೋಣ ಎಂದೆ.

ತಕ್ಕಡಿಗಳನ್ನು ಎತ್ತಿಡುವ ಮೊದಲು ಒಂದರ ಮೇಲೆ ಅವರನ್ನೇ ನಿಲ್ಲಲು ಹೇಳಿದೆ. ಶೂ ಬಿಚ್ಚಲು ಹೋದರು. ಬೇಡ, ಹಾರುವಾಗ ಹಾಕಿಕೊಂಡೇ ಇರುತ್ತೀರಲ್ಲ ಎಂದೆ. 97 ಕೆಜಿ. ಮೇಡಂ ಮಂಡಕ್ಕಿ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು.