ಸಿಟ್ಟು ಸ್ಟಾರ್ಟ್ ಬಟನ್ ಮೇಲೆ, ಏಟು ಅಪ್‌ಡೇಟ್ ಮೇಲೆ

"ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡಿ ಸರ್. ಇನ್ನೊಂದು ಸಲ ಅದರ ಸುದ್ದಿಯೇ ಬರಬಾರದು."

ಹೊಸ ವಿಂಡೋಸ್ ಹಾಕಿಕೊಟ್ಟ ವಾರದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ ಬೇಡಿಕೆ. ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗಲೆಲ್ಲ ಬೈಗುಳ ಮೊದಲು ತಲುಪುವುದು ನಮ್ಮಂಥವರಿಗೆ. ಅದಕ್ಕೆ ಬೇಜಾರಿಲ್ಲ. ಬೈಯುವವರ ಮಾತಿನಲ್ಲಿ ಬಹಳಷ್ಟು ಸಲ ನ್ಯಾಯ ಇರುತ್ತದೆ. ನನಗೆ ತಲೆ ಕೆಡುವುದು ಬೈದು ಮುಗಿಸಿದ ಮೇಲೆ ಅವರು ಮಾಡುವ ಕೆಲಸ ನೋಡಿದಾಗ.

ಮೊದಲು ನ್ಯಾಯದ ಮಾತೇ ಆಗಲಿ. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂದಾಗ ಸ್ಟಾರ್ಟ್ ಬಟನ್ ಪರದೆಯ ಕೆಳಗಿನ ಎಡ ಮೂಲೆಯಲ್ಲಿ ಕೂತಿತು. ಆ ಮೂಲೆಗೆ ಒಂದು ಗುಣವಿದೆ. ಕಣ್ಣು ಮುಚ್ಚಿಕೊಂಡು ಮೌಸನ್ನು ಆ ಕಡೆ ತಳ್ಳಿದರೂ ಬಾಣ ಹೋಗಿ ಮೂಲೆಯಲ್ಲೇ ನಿಲ್ಲುತ್ತದೆ. ಮುಂದೆ ಹೋಗಲು ಜಾಗವೇ ಇಲ್ಲವಲ್ಲ! ಗುರಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ ಅನ್ನೋದರ ಮೇಲೆ ಕೈ ಅಲ್ಲಿಗೆ ತಲುಪುವ ಸಮಯ ನಿಂತಿದೆ ಅಂತ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ತೋರಿಸಿದ್ದರು. ಆ ಲೆಕ್ಕದಲ್ಲಿ ಪರದೆಯ ಮೂಲೆ ಬಹಳ ದೊಡ್ಡ ಗುರಿ, ಅಲ್ಲಿ ಕೂತ ಬಟನ್ ಎಷ್ಟೇ ಚಿಕ್ಕದಿರಲಿ.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಆ ಬಟನ್ನನ್ನು ಎತ್ತಿ ನಡುವಿನ ಸಾಲಿಗೆ ತಂದಿತು. ಅಲ್ಲಿ ಇನ್ನೊಂದು ತಾಪತ್ರಯ. ಒಂದೊಂದೇ ಪ್ರೋಗ್ರಾಂ ತೆರೆಯುತ್ತಾ ಹೋದಂತೆ ಐಕಾನ್‌ಗಳ ಸಾಲು ಎರಡೂ ಕಡೆ ಬೆಳೆಯುತ್ತದೆ. ಸ್ಟಾರ್ಟ್ ಬಟನ್ ಎಡಕ್ಕೆ ಸರಿಯುತ್ತದೆ. ಬೆಳಗ್ಗೆ ಇದ್ದ ಕಡೆ ಮಧ್ಯಾಹ್ನ ಇರುವುದಿಲ್ಲ. ಕೈ ಎಲ್ಲಿಗೆ ಅಂತ ಹೋಗಬೇಕು? (ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಟಾಸ್ಕ್‌ಬಾರ್, ಅಲ್ಲಿ ಅಲೈನ್‌ಮೆಂಟ್ ಅಂತ ಇರುತ್ತದೆ. ಲೆಫ್ಟ್ ಮಾಡಿ. ಈ ಒಂದು ಫೋನ್ ಇನ್ನು ಮುಂದೆ ನನಗೆ ಬರದಿದ್ದರೆ ಈ ಅಂಕಣ ಬರೆದದ್ದು ಸಾರ್ಥಕ.)

ಇನ್ನು ರೈಟ್ ಕ್ಲಿಕ್. ನಾನು ಹೋಗುವ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಮೇಡಂ ಇದ್ದಾರೆ. ಅವರು ಕೆಲಸ ಮಾಡುವುದನ್ನು ನೋಡಬೇಕು ನೀವು. ಎಡಗೈಯಲ್ಲಿ ಬಿಲ್ಲು, ಕಣ್ಣು ಬಿಲ್ಲಿನ ಮೇಲೆ. ಬಲಗೈ ಮಾತ್ರ ತನ್ನ ಪಾಡಿಗೆ ಫೈಲ್ ಮೇಲೆ ರೈಟ್ ಕ್ಲಿಕ್ ಒತ್ತಿ, ಒಂಚೂರು ಕೆಳಗೆ ಜಾರಿ, ಕಾಪಿ ಒತ್ತಿ ಮುಂದಕ್ಕೆ ಹೋಗಿಬಿಡುತ್ತಿತ್ತು. ಪರದೆ ನೋಡುವ ಅಗತ್ಯವೇ ಅವರಿಗಿರಲಿಲ್ಲ. ವಿಂಡೋಸ್ 11ರಲ್ಲಿ ಕಟ್, ಕಾಪಿ, ಪೇಸ್ಟ್, ಡಿಲೀಟ್ ಎಲ್ಲ ಅಕ್ಷರ ಬಿಟ್ಟು ಪುಟಾಣಿ ಚಿತ್ರಗಳಾದವು. ಆ ಚಿತ್ರಗಳ ಸಾಲಾದರೂ ಒಂದೇ ಕಡೆ ಇರುತ್ತದಾ? ಇಲ್ಲ. ಪರದೆಯ ಮೇಲ್ಭಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ ಮೆನುವಿನ ತಲೆಯಲ್ಲಿ, ಕೆಳಭಾಗದಲ್ಲಿ ಮಾಡಿದರೆ ಮೆನುವಿನ ಬುಡದಲ್ಲಿ. ಬಾಣಕ್ಕೆ ಹತ್ತಿರ ಇರಲಿ ಅಂತ ಮಾಡಿದ ಒಳ್ಳೆಯ ಯೋಚನೆಯೇ. ಆದರೆ ಮೇಡಂ ಕೈ ಒಂದು ದಿನ ಕಾಪಿ ಅಂದುಕೊಂಡು ಡಿಲೀಟ್ ಒತ್ತಿತು. ಫೈಲ್ ರೀಸೈಕಲ್ ಬಿನ್‌ನಿಂದ ಕೂಡಲೇ ವಾಪಸ್ ಬಂತು. ಅವರ ಧೈರ್ಯ ವಾಪಸ್ ಬರಲು ಸ್ವಲ್ಪ ಟೈಮ್ ಹಿಡಿಯಿತು. ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ಬರುತ್ತದೆ ಅಂತ ತೋರಿಸಿಕೊಟ್ಟೆ. 2024ರ ಆವೃತ್ತಿಯಲ್ಲಿ ಆ ಚಿತ್ರಗಳ ಕೆಳಗೆ ಹೆಸರನ್ನೂ ಬರೆದಿದ್ದಾರೆ. ಮೊದಲೇ ಬರೆಯಬಹುದಿತ್ತು, ಅಲ್ವಾ?

ಇದೆಲ್ಲ ಕಂಪ್ಯೂಟರ್ ಗೊತ್ತಿಲ್ಲದವರ ಹಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಲಿನಕ್ಸ್. 2011ರಲ್ಲಿ ಅದನ್ನು ಬಳಸುವವರಿಗೆ ಗ್ನೋಮ್ 3 ಎಂಬ ಹೊಸ ಡೆಸ್ಕ್‌ಟಾಪ್ ಬಂತು. ಹಳೇ ಮೆನು ಮಾಯ, ವಿಂಡೋ ಮೇಲಿನ ಮಿನಿಮೈಸ್ ಬಟನ್ ಕೂಡ ಮಾಯ. ಲಿನಕ್ಸ್‌ನ ಮೂಲ ಬರೆದ ಲಿನಸ್ ಟೋರ್ವಾಲ್ಡ್ಸ್ ಅವರೇ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋದರು. ಹಳೆಯದೇ ಬೇಕು ಅಂದವರು ಗ್ನೋಮ್ 2ರ ಕೋಡ್ ಎತ್ತಿಕೊಂಡು, ಮೇಟ್ ಅಂತ ಹೆಸರಿಟ್ಟು ಮುಂದುವರಿಸಿದರು. ಅದೇ ವರ್ಷ ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳ ಲಯನ್ ಆವೃತ್ತಿಯಲ್ಲಿ ಸ್ಕ್ರೋಲ್ ಮಾಡುವ ದಿಕ್ಕನ್ನೇ ತಿರುಗಿಸಿತು. ಮ್ಯಾಕ್ ಬಳಸುವವರೂ ಬೈದರು. ಕೋಡ್ ಬರೆಯುವವರಿರಲಿ, ಬಿಲ್ ಬರೆಯುವವರಿರಲಿ, ಅಭ್ಯಾಸವಾದ ಕೈಗೆ ಬರುವ ಸಿಟ್ಟು ಒಂದೇ.

ಬೈದರೆ ಪ್ರಯೋಜನವೂ ಇದೆ. 2012ರ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿತ್ತು. ಕಂಪ್ಯೂಟರ್ ಆಫ್ ಮಾಡಲು ಮೌಸನ್ನು ಬಲ ಮೂಲೆಗೆ ಒಯ್ಯಬೇಕು, ಮೂಡಿದ ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಒತ್ತಬೇಕು, ಆಮೇಲೆ ಪವರ್, ಆಮೇಲೆ ಶಟ್ ಡೌನ್. ಆಗ ಎಷ್ಟು ಜನ ನೇರವಾಗಿ ಸ್ವಿಚ್ಚನ್ನೇ ಆರಿಸುತ್ತಿದ್ದರೋ! ಗಲಾಟೆ ಜಾಸ್ತಿಯಾಗಿ 2013ರ 8.1ರಲ್ಲಿ ಬಟನ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು. ವಿಂಡೋಸ್ 11 ಟಾಸ್ಕ್‌ಬಾರ್‌ನಲ್ಲಿ ಪ್ರತಿ ಕಿಟಕಿಗೂ ಬೇರೆ ಬೇರೆ ಹೆಸರಿನ ಬಟನ್ ತೋರಿಸುವ ಸೌಲಭ್ಯ ತೆಗೆದಿದ್ದರು. ಜನ ಬಿಡದೆ ಕೇಳಿ ಅದನ್ನು 2023ರಲ್ಲಿ ವಾಪಸ್ ಪಡೆದರು. ಹಾಗಾಗಿ ದೂರು ಕೊಡಿ. ಅದಕ್ಕೇ ಫೀಡ್‌ಬ್ಯಾಕ್ ಹಬ್ ಅಂತ ಒಂದು ಆ್ಯಪ್ ವಿಂಡೋಸ್‌ನಲ್ಲೇ ಇದೆ.

ಇಷ್ಟೆಲ್ಲ ಹೇಳಿದ್ದು ನಾನು ನಿಮ್ಮ ಕಡೆಯವನೇ ಅಂತ ಗೊತ್ತಾಗಲಿ ಅಂತ. ಈಗ ಜಗಳದ ಮಾತು.

ನಿಮ್ಮ ಕಂಪ್ಯೂಟರಿಗೆ ಎರಡು ಬೇರೆ ಬೇರೆ ವಸ್ತುಗಳು ಬರುತ್ತವೆ. ಒಂದು, ಹೊಸ ಆವೃತ್ತಿ. ಬಟನ್ ಜಾಗ ಬದಲಾಗುವುದು, ಮೆನು ಬದಲಾಗುವುದು ಹೆಚ್ಚಾಗಿ ಇದರಲ್ಲಿ. ಇನ್ನೊಂದು, ಪ್ರತಿ ತಿಂಗಳ ಭದ್ರತಾ ರಿಪೇರಿ. ಮೈಕ್ರೋಸಾಫ್ಟ್ 2003ರಿಂದ ಇದನ್ನು ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತಾ ಬಂದಿದೆ. ಇದರ ಮುಖ್ಯ ಕೆಲಸ ಕಳ್ಳರು ನುಗ್ಗಬಹುದಾದ ಒಳಗಿನ ತೂತು ಮುಚ್ಚುವುದು. ಈಚೆಗೆ ಇದರ ಜೊತೆ ಚಿಕ್ಕಪುಟ್ಟ ಬದಲಾವಣೆಗಳನ್ನೂ ತುರುಕುತ್ತಾರೆ, ಅದು ನನಗೂ ಇಷ್ಟವಿಲ್ಲ. ಆದರೂ ಎರಡೂ ಬೇರೆ. ಎರಡೂ ಬರುವುದು ಒಂದೇ ವಿಂಡೋಸ್ ಅಪ್‌ಡೇಟ್ ಪುಟದ ಮೂಲಕ, ಗೊಂದಲ ಶುರುವಾಗುವುದು ಅಲ್ಲೇ. ಸ್ಟಾರ್ಟ್ ಬಟನ್ ಜಾಗ ಬದಲಾಯಿತು ಅಂತ ಸಿಟ್ಟಾದವರು ಹೋಗಿ ಅಪ್‌ಡೇಟ್ ತರುವ ಸರ್ವಿಸ್ಸನ್ನೇ ಡಿಸೇಬಲ್ ಮಾಡುತ್ತಾರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಬಟನ್ ಅಂತೂ ಹಳೇ ಜಾಗಕ್ಕೆ ಬರುವುದಿಲ್ಲ, ತೂತು ಮಾತ್ರ ತೆರೆದೇ ಉಳಿಯುತ್ತದೆ.

ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ, "ಇರಲಿ ಬಿಡಿ ಸರ್, ಸದ್ಯಕ್ಕೆ ಚೆನ್ನಾಗೇ ಓಡ್ತಿದೆ, ಹೀಗೇ ಇರಲಿ" ಅನ್ನುತ್ತಾರೆ. ಮುಟ್ಟದೆ ಬಿಟ್ಟರೆ ಕಂಪ್ಯೂಟರ್ ನಿನ್ನೆ ಇದ್ದ ಹಾಗೇ ಇರುತ್ತದೆ ಅನ್ನುವುದು ಅವರ ನಂಬಿಕೆ. ನಾನು ವರ್ಷಗಳಿಂದ ಕಿತ್ತುಹಾಕಲು ಒದ್ದಾಡುತ್ತಿರುವುದು ಈ ನಂಬಿಕೆಯನ್ನೇ.

ಒಂದು ರಿಪೇರಿ ಹೊರಬಿದ್ದ ದಿನ ಏನಾಗುತ್ತದೆ ನೋಡಿ. ಸಾಮಾನ್ಯವಾಗಿ ಅಲ್ಲಿಯವರೆಗೆ ಆ ತೂತು ಕೆಲವೇ ಜನಕ್ಕೆ ಗೊತ್ತಿರುತ್ತದೆ. ರಿಪೇರಿ ಬಿಡುಗಡೆಯಾದ ಕೂಡಲೇ ಅದು ಎಲ್ಲರ ಕೈಗೂ ಸಿಗುತ್ತದೆ, ಕಳ್ಳರ ಕೈಗೂ. ಅವರು ಹಳೇ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಲ್ಲಿ ಬದಲಾಗಿದೆ ಅಂತ ಹುಡುಕುತ್ತಾರೆ. ಬದಲಾದ ಜಾಗವೇ ತೂತಿದ್ದ ಜಾಗ. ಅದರೊಳಗೆ ನುಗ್ಗುವ ಪ್ರೋಗ್ರಾಂ ಬರೆಯುತ್ತಾರೆ. ರಿಪೇರಿ ಹಾಕಿಕೊಂಡವರ ಮೇಲೆ ಅದು ನಡೆಯುವುದಿಲ್ಲ. ಹಾಕಿಕೊಳ್ಳದವರೇ ಅವರಿಗೆ ಗಿರಾಕಿ. ನಿಮ್ಮ ಯಂತ್ರದೊಳಗೆ ಒಂದಕ್ಷರವೂ ಬದಲಾಗಿಲ್ಲ, ನಿಜ. ಆದರೆ ಹೋದ ತಿಂಗಳು ಅದರ ಹುಳುಕು ನಾಲ್ಕು ಜನಕ್ಕೆ ಗೊತ್ತಿತ್ತು, ಈಗ ಊರಿಗೆಲ್ಲ ಗೊತ್ತು. ಹೀಗೆ ತಿಂಗಳು ತಿಂಗಳೂ ಒಂದಷ್ಟು ಹುಳುಕು ಬೀದಿಗೆ ಬೀಳುತ್ತಾ ಹೋಗುತ್ತವೆ. ಎರಡು ವರ್ಷ ಅಪ್‌ಡೇಟ್ ನಿಲ್ಲಿಸಿದ ಕಂಪ್ಯೂಟರ್ "ಹಾಗೇ ಇದೆ" ಅಂತ ಹೇಗೆ ಹೇಳುವುದು?

"ನಾನು ಬೇಡದ್ದು ಏನೂ ಓಪನ್ ಮಾಡಲ್ಲ" ಅನ್ನುವವರಿಗೆ ವಾನಾಕ್ರೈ ನೆನಪಿಸುತ್ತೇನೆ, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುತ್ತಿದ್ದ ದುಷ್ಟ ಪ್ರೋಗ್ರಾಂ ಅದು. ವಿಂಡೋಸ್ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಒಂದು ತೂತಿತ್ತು. ಅದರ ರಿಪೇರಿ 2017ರ ಮಾರ್ಚ್ 14ರಂದು ಬಂತು. ಏಪ್ರಿಲ್‌ನಲ್ಲಿ ಆ ತೂತಿನೊಳಗೆ ನುಗ್ಗುವ ಸಾಧನ ಸಾರ್ವಜನಿಕವಾಗಿ ಸೋರಿಕೆಯಾಯಿತು. ಮೇ 12ರಂದು ವಾನಾಕ್ರೈ ಹರಡಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಬಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟ್‌ಗಳು ಸಾವಿರಾರು ಸಂಖ್ಯೆಯಲ್ಲಿ ರದ್ದಾದವು. ಬಲಿಯಾದವರು ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಒಂದು ಯಂತ್ರಕ್ಕೆ ಬಂದರೆ ಅದೇ ನೆಟ್‌ವರ್ಕಿನ ಪಕ್ಕದ ಯಂತ್ರವನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. "ನನ್ನ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ?" ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ನಿಮ್ಮಲ್ಲಿ ಏನೂ ಇಲ್ಲದಿರಬಹುದು, ಪಕ್ಕದ ಮೇಜಿನ ಮೇಡಂ ಹತ್ತಿರ ಇಡೀ ಆಫೀಸಿನ ಲೆಕ್ಕ ಇದೆ. ರಿಪೇರಿ ಬಂದದ್ದಕ್ಕೂ ದಾಳಿಗೂ ನಡುವೆ ಎಂಟು ವಾರಕ್ಕಿಂತ ಜಾಸ್ತಿ ಟೈಮ್ ಇತ್ತು ಅನ್ನುವುದನ್ನು ಮಾತ್ರ ಗಮನಿಸಿ.

ಆ್ಯಂಟಿವೈರಸ್ ಇದೆಯಲ್ಲ ಅಂತ ಕೇಳಬಹುದು. ಇರಲಿ, ಒಳ್ಳೆಯದೇ. ಅದು ತೂತು ಮುಚ್ಚುವುದಿಲ್ಲ.

ಜನರ ಅನುಮಾನಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. ವಿಂಡೋಸ್ 7 ಮತ್ತು 8.1 ಇದ್ದವರಿಗೆ 10ನ್ನು ಪುಕ್ಕಟೆ ಕೊಡುತ್ತಿದ್ದ ಕಾಲದಲ್ಲಿ, 2016ರಲ್ಲಿ, ಒಂದು ಸೂಚನೆಯ ಕಿಟಕಿ ಬರುತ್ತಿತ್ತು. ಬೇಡ ಅಂತ ಮೂಲೆಯ ಕ್ರಾಸ್ ಗುರುತು ಒತ್ತಿ ಮುಚ್ಚಿದರೂ, ಮೊದಲೇ ಗೊತ್ತುಮಾಡಿದ್ದ ಸಮಯಕ್ಕೆ ಹೊಸ ವಿಂಡೋಸ್ ಬಂದು ಕೂರುತ್ತಿತ್ತು. ಬೇಡ ಅಂದಿದ್ದನ್ನು ಬೇಕು ಅಂತ ತಿಳಿದುಕೊಳ್ಳುವುದು ಯಾವ ನ್ಯಾಯ? ಅದು ಅತಿಯಾಯಿತು ಅಂತ ಕಂಪನಿಯವರೇ ಆಮೇಲೆ ಒಪ್ಪಿಕೊಂಡರು. ಅವತ್ತು ಹೋದ ನಂಬಿಕೆಗೆ ನಾವು ಇವತ್ತಿಗೂ ಫೋನಿನಲ್ಲಿ ಉತ್ತರ ಕೊಡುತ್ತಿದ್ದೇವೆ.

ಎಚ್ಚರಿಕೆಯ ಮಾತೂ ಹೇಳಬೇಕು. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 2018ರ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೈಲ್‌ಗಳನ್ನೇ ಅಳಿಸಿತು. ಕೆಲವೇ ದಿನದಲ್ಲಿ ಅದನ್ನು ನಿಲ್ಲಿಸಿ, ಸರಿಮಾಡಿ ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಆದ್ದರಿಂದ ಹೊಸ ಆವೃತ್ತಿಗೆ ಕೆಲವು ತಿಂಗಳು ಕಾಯಿರಿ. ತಿಂಗಳ ರಿಪೇರಿಗೆ ಮನೆಯಲ್ಲಿ ಕಾಯುವುದೇ ಬೇಡ. ಆಫೀಸಿನಲ್ಲಿ ಒಂದು ವಾರ ತಡೆದು, ಮೊದಲು ಒಂದೆರಡು ಯಂತ್ರಗಳಿಗೆ ಹಾಕಿ ನೋಡುವುದು ನನ್ನ ಪದ್ಧತಿ. ನಿಮ್ಮ ಸಾಫ್ಟ್‌ವೇರ್ ಯಾವುದು ಅಂತ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಅಪ್‌ಡೇಟ್ ಬೇಡ ಅನ್ನಿಸಿದರೆ ಪಾಜ್ ಬಟನ್ ಇದೆ, 5 ವಾರದವರೆಗೂ ತಡೆಯಬಹುದು. ಅಷ್ಟಿರುವಾಗ ಸರ್ವಿಸ್ ಡಿಸೇಬಲ್ ಮಾಡುವ ಸರ್ಕಸ್ ಯಾಕೆ? ಒಬ್ಬರಂತೂ ಅಪ್‌ಡೇಟ್ ತಡೆಯಲು ನೆಟ್‌ನಲ್ಲಿ ಸಿಕ್ಕ ಯಾವುದೋ ಪುಕ್ಕಟೆ ಪ್ರೋಗ್ರಾಂ ಹಾಕಿಕೊಂಡಿದ್ದರು. ಅಪ್‌ಡೇಟ್ ನಿಂತಿತ್ತು. ಜೊತೆಗೆ ಬ್ರೌಸರ್ ತೆರೆದರೆ ಜಾಹೀರಾತಿನ ಸುರಿಮಳೆ. "ವಿಂಡೋಸ್ ಹೀಗೆ ಮಾಡಿಬಿಟ್ಟಿದೆ ನೋಡಿ" ಅಂತ ನನ್ನನ್ನು ಕರೆಸಿದ್ದರು. ಒಳ್ಳೆಯ ಮನುಷ್ಯ. ಕೊನೆಯವರೆಗೂ ಆ ಪ್ರೋಗ್ರಾಂ ಮೇಲೆ ಅವರಿಗೆ ಅನುಮಾನ ಬರಲೇ ಇಲ್ಲ.

ವಿಂಡೋಸ್ 10 ಬಿಡುವುದಿಲ್ಲ ಅನ್ನುವವರಿಗೆ ಇಷ್ಟು. ಅದರ ಮಾಮೂಲಿ ಭದ್ರತಾ ರಿಪೇರಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯ ಬಳಕೆದಾರರು ಇಎಸ್‌ಯು (ಅವಧಿ ಮುಗಿದ ಮೇಲೂ ಭದ್ರತಾ ರಿಪೇರಿ ಕೊಡುವ) ಯೋಜನೆಗೆ ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷದ ರಿಪೇರಿ ಸಿಗುವ ಏರ್ಪಾಡು ಮಾಡಿದ್ದರು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದು ಕಾಣಿಸುತ್ತದೆ. ನಿಮ್ಮ ಯಂತ್ರ ಹಳೆಯದಾಗಿ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅದರಲ್ಲಿ ಇಲ್ಲದಿದ್ದರೆ, ಬಲವಂತವಾಗಿ ತುರುಕುವ ಬದಲು ಲಿನಕ್ಸ್‌ನದೇ ಒಂದು ರೂಪವಾದ ಲಿನಕ್ಸ್ ಮಿಂಟ್ ನೋಡಿ. ಅದರ ಮೆನು ಬಟನ್ ಇವತ್ತಿಗೂ ಕೆಳಗಿನ ಎಡ ಮೂಲೆಯಲ್ಲೇ ಇದೆ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಈ ಮೂರೂ ನಡೆದರೆ ಬ್ಯಾಕಪ್ ತೆಗೆದುಕೊಂಡು ಮುಂದುವರಿಯಿರಿ. ಒಂದು ನಡೆಯದಿದ್ದರೂ ಅಲ್ಲಿಗೇ ನಿಲ್ಲಿಸಿ, ಆಮೇಲೆ ನನ್ನಂಥವರಿಗೆ ಫೋನ್ ಮಾಡಿ.